ಅಪ್‌ಡೇಟ್: ಸೀನಿಯರ್ ಮಾನಸಿಕ ಆರೋಗ್ಯ ನರ್ಸ್ ಇಂಟರ್‌ವ್ಯೂ ಮುಗೀತು

ಈ ಇಂಟರ್‌ವ್ಯೂಗೆ ಹೇಗೆ ತಯಾರಾಗಲಿ ಅಂತ ಹೋದ ವಾರ ಕೇಳಿದ್ದೆನಲ್ಲ, ಕೆಲಸ ಸಿಕ್ಕಿತು!

‘ನಿಜವಾಗಿ ನಡೆದ ಘಟನೆಯನ್ನೇ ಹೇಳಿ: ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಫಲಿತಾಂಶ’ ಅನ್ನುವ ಸಲಹೆಯೇ ಕೈ ಹಿಡಿಯಿತು. ಸಿಟ್ಟಿಗೆದ್ದ ರೋಗಿಯೊಬ್ಬರ ಕಥೆ ಹೇಳಿದೆ. ದನಿ ತಗ್ಗಿಸಿದ್ದು, ಸುತ್ತಲಿದ್ದವರನ್ನು ಆಚೆ ಕಳಿಸಿದ್ದು, ಅವರಿಗೆ ಜಾಗ ಬಿಟ್ಟು ನಿಂತಿದ್ದು. ಬಲವಂತವಾಗಿ ಹಿಡಿಯುವುದು ಕೊನೆಯ ದಾರಿ ಅಂದೆ. ಇಂಟರ್‌ವ್ಯೂ ಮಾಡಿದವರು ಅಲ್ಲಿಗೇ ಬಿಡಲಿಲ್ಲ. ‘ಆಮೇಲೆ ನಿಮ್ಮ ತಂಡದ ಜೊತೆ ಏನು ಮಾತಾಡಿದಿರಿ?’ ಅಂತ ಕೇಳಿದರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸೀನಿಯರ್ ಅಂದಮೇಲೆ ಜೂನಿಯರ್‌ಗಳ ಹೊಣೆಯೂ ನಮ್ಮದೇ, ಅಲ್ವಾ?

ಡೋಸ್‌ಗಳನ್ನೆಲ್ಲ ಬಾಯಿಪಾಠ ಮಾಡಿದ್ದು ಸುಮ್ನೆ ವೇಸ್ಟ್. ಕ್ಲೋಜಪಿನ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಒಂದು ಔಷಧಿ) ಕೊಡುವಾಗ ಬಿಳಿ ರಕ್ತಕಣ ಯಾಕೆ ನೋಡಬೇಕು ಅಂತ ಮಾತ್ರ ಕೇಳಿದರು.

ಒಂದು ಎಚ್ಚರ: ಕಥೆಯ ಭರದಲ್ಲಿ ರೋಗಿಯ ಹೆಸರು ಹೇಳಿಬಿಡಬೇಡಿ. ನಾನು ನಾಲಿಗೆ ಕಚ್ಚಿಕೊಂಡು ತಪ್ಪಿಸಿಕೊಂಡೆ.