ಪಾಟೀಲರ ಲೇಖನ ಮತ್ತು ನಮ್ಮ ಮನೆ ಗುಂಪು

ನಾನು: ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಮೊದಲ ಎಂಡಿ (ವ್ಯವಸ್ಥಾಪಕ ನಿರ್ದೇಶಕ) ಆರ್. ಎಚ್. ಪಾಟೀಲರ ಬಗ್ಗೆ ಲೇಖನ ಹಾಕಿದ್ದೇನೆ. ಆರ್‌ಬಿಐ, ಐಡಿಬಿಐ, ಆಮೇಲೆ ಎನ್‌ಎಸ್‌ಇ. ಎಲ್ಲರೂ ಓದಿ.

ದೊಡ್ಡಪ್ಪ: ಓದಿದೆ. ಹೊಗಳಿಕೆ ಜಾಸ್ತಿಯಾಯಿತು ಕಣಪ್ಪ. ದುಡ್ಡು ಹಾಕಿದ್ದು ಐಡಿಬಿಐ, ಎಲ್‌ಐಸಿಯಂಥವರು. 1992ರ ಹರ್ಷದ್ ಮೆಹ್ತಾ ಷೇರು ಹಗರಣ ಆದಮೇಲೆ ಸರ್ಕಾರಕ್ಕೂ ಹೊಸ ಎಕ್ಸ್‌ಚೇಂಜ್ ಬೇಕಿತ್ತು. ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಆಗುತ್ತಿತ್ತು.

ನಾನು: ನಾನು ಒಪ್ಪಲ್ಲ ದೊಡ್ಡಪ್ಪ. ಮುಂಬೈನ ಹಳೇ ಷೇರುಪೇಟೆ ಬಿಎಸ್‌ಇ 1875ರಿಂದ ಬ್ರೋಕರ್‌ಗಳ ಕೈಯಲ್ಲೇ ಇತ್ತು. ವ್ಯಾಪಾರ ಮಾಡುವವರೇ ನಿಯಮವನ್ನೂ ಮಾಡುತ್ತಿದ್ದರು. ಎನ್‌ಎಸ್‌ಇಯಲ್ಲಿ ಮಾಲೀಕರು ಬೇರೆ, ನಡೆಸುವವರು ಬೇರೆ, ಬ್ರೋಕರ್‌ಗಳು ಬೇರೆ. ಮೊದಲ ದಿನದಿಂದಲೇ ಹಾಗಿತ್ತು. 1994ರ ನವೆಂಬರ್‌ನಲ್ಲಿ ಷೇರು ವ್ಯಾಪಾರ ಶುರುವಾಯಿತು. ಸುಮಾರು ಒಂದೇ ವರ್ಷದಲ್ಲಿ ವಹಿವಾಟಿನಲ್ಲಿ ಬಿಎಸ್‌ಇಯನ್ನು ಹಿಂದೆ ಹಾಕಿತು. ಬರೀ ದುಡ್ಡಿನಿಂದ ಆಗುವ ಕೆಲಸವಾ ಇದು?

ಅಕ್ಕ: ಉಪಗ್ರಹ ಬಳಸಿದರು ಅಂತ ಇದೆ. ಯಾಕೆ?

ನಾನು: ಆಗಿನ ಫೋನ್ ಲೈನ್ ನಂಬೋ ಹಾಗಿರಲಿಲ್ಲ ಅಕ್ಕ. ಬ್ರೋಕರ್ ಆಫೀಸಿನ ಮಾಳಿಗೆ ಮೇಲೆ ಉಪಗ್ರಹದ ಜೊತೆ ನೇರ ಸಂಪರ್ಕ ಕೊಡುವ ಸಣ್ಣ ವಿಸ್ಯಾಟ್ ಡಿಶ್ ಕೂರಿಸಿದರು. ಮುಂಬೈನಲ್ಲಿ ಕಾಣುವ ರೇಟೇ ಸಣ್ಣ ಊರಿನ ಪರದೆಯಲ್ಲೂ ಕಾಣತೊಡಗಿತು.

ದೊಡ್ಡಪ್ಪ: ಕಂಪ್ಯೂಟರ್ ವ್ಯಾಪಾರ ಇವತ್ತಲ್ಲ ನಾಳೆ ಬಂದೇ ಬರುತ್ತಿತ್ತು. ಬಿಎಸ್‌ಇಯೂ 1995ರಲ್ಲಿ ತಂದಿತಲ್ಲ?

ನಾನು: ತಂದಿತು, ಎನ್‌ಎಸ್‌ಇ ಶುರುವಾದ ಮೇಲೆ! ಪಕ್ಕದಲ್ಲಿ ಪೈಪೋಟಿ ಇಲ್ಲದಿದ್ದರೆ ಅಷ್ಟು ಬೇಗ ತರುತ್ತಿದ್ದರಾ?

ಅತ್ತೆ: ನಾನೂ ಒಂದು ಮಾತು ಹೇಳ್ತೀನಿ. ನಿಮ್ಮ ಮಾವ ಆಗ ನೂರು ಷೇರು ತಗೊಂಡಿದ್ದರು. ಸರ್ಟಿಫಿಕೇಟನ್ನು ಅವರ ಹೆಸರಿಗೆ ವರ್ಗಾವಣೆಗೆ ಕಳಿಸಿ ತಿಂಗಳುಗಟ್ಟಲೆ ಕಾದೆವು. ಮಾರಿದವರ ಸಹಿ ಹೊಂದಲಿಲ್ಲ ಅಂತ ಸರ್ಟಿಫಿಕೇಟು ವಾಪಸ್ ಬಂತು. ಬ್ರೋಕರ್ ಕೈ ಎತ್ತಿಬಿಟ್ಟರು. ಅಷ್ಟರಲ್ಲಿ ರೇಟೂ ಬಿದ್ದಿತ್ತು. ಆ ಕವರ್ ಇನ್ನೂ ನನ್ನ ಬೀರುವಿನಲ್ಲಿದೆ.

ನಾನು: ಅದೇ ಅತ್ತೆ, ನನಗೆ ಪಾಟೀಲರು ದೊಡ್ಡವರು ಅನಿಸೋದು ಇಲ್ಲೇ. ವ್ಯಾಪಾರ ಶುರುಮಾಡಿ ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಎನ್‌ಎಸ್‌ಇಯ ಕ್ಲಿಯರಿಂಗ್ ಕಾರ್ಪೊರೇಷನ್ ಕೆಲಸ ಶುರುಮಾಡಿತು. ಕೊಂಡವರಿಗೂ ಮಾರಿದವರಿಗೂ ನಡುವೆ ಅದು ನಿಲ್ಲುತ್ತದೆ. ಒಬ್ಬ ಬ್ರೋಕರ್ ಕೈಕೊಟ್ಟರೂ ವ್ಯವಹಾರ ಪೂರೈಸುವ ಹೊಣೆ ಅದರದ್ದು. ಅದೇ ವರ್ಷ ಷೇರುಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್ ಬಂತು, ಕಾಗದದ ಬದಲು ಖಾತೆಯಲ್ಲೇ ಷೇರು ಇಡುವ ಡಿಮ್ಯಾಟ್ ಬಂತು. ಸಹಿಯ ಗೋಳು ಮುಗಿಯಿತು. ಆಮೇಲೆ 2001ರಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾಗೆ (ಸಿಸಿಐಎಲ್) ಹೋಗಿ ಸರ್ಕಾರಿ ಬಾಂಡ್‌ಗಳಿಗೂ ಇದೇ ಕೆಲಸ ಮಾಡಿದರು.

ದೊಡ್ಡಪ್ಪ: ಎನ್‌ಎಸ್‌ಇಯಲ್ಲೇ ಕೋ-ಲೊಕೇಶನ್ ಗಲಾಟೆ ಆಯಿತಲ್ಲಪ್ಪ, ಎಕ್ಸ್‌ಚೇಂಜ್ ಒಳಗೇ ತಮ್ಮ ಕಂಪ್ಯೂಟರ್ ಇಟ್ಟ ಕೆಲವು ಬ್ರೋಕರ್‌ಗಳಿಗೆ ಮಾಹಿತಿ ಮೊದಲೇ ಸಿಗುತ್ತಿತ್ತು ಅನ್ನೋ ದೂರು? ಅದಕ್ಕೇನಂತೀಯ?

ನಾನು: ಆಯಿತು, ಅದು ತಪ್ಪೇ. ಆದರೆ ಆ ದೂರುಗಳು 2010ರ ನಂತರದವು. ಪಾಟೀಲರು ಆ ಕುರ್ಚಿ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅದನ್ನು ಅವರ ತಲೆಗೆ ಕಟ್ಟಬೇಡಿ.

ದೊಡ್ಡಪ್ಪ: ಕಟ್ಟಲ್ಲ. ಆದರೆ ಎಲ್ಲವನ್ನೂ ಒಬ್ಬರ ಹೆಸರಿಗೆ ಬರೀಬೇಡ. ಅವರ ಜೊತೆ ಒಂದು ತಂಡ ಇತ್ತು. ಐಡಿಬಿಐ ಅಧ್ಯಕ್ಷ ನಾಡಕರ್ಣಿ ಬೆನ್ನಿಗಿದ್ದರು.

ನಾನು: ಅದು ಒಪ್ಪಿದೆ. ಲೇಖನದಲ್ಲಿ ನಾಡಕರ್ಣಿ ಹೆಸರೇ ಇಲ್ಲ, ಇರಬೇಕಿತ್ತು.

ಅತ್ತೆ: ಇಬ್ಬರೂ ಭಾನುವಾರ ಬನ್ನಿ. ಆ ಕವರ್ ತೆಗೆದಿಡ್ತೀನಿ.