ಕೆರಿ ತುಂಬ್ಯಾವ, ಹಕ್ಕಿ ಕಾಣವಲ್ಲವು: ಸೆಪ್ಟೆಂಬರ್-ಅಕ್ಟೋಬರ್‌ನಾಗ ವಲಸೆ ಹಕ್ಕಿ ಎಲ್ಲಿ ಹುಡುಕಬೇಕು?

ಸಗರನಾಡು

ನಮಸ್ಕಾರ್ರಿ ಎಲ್ಲಾರಿಗೂ. ಮಳಿ ಚಲೋ ಆಗಿ ಬೋನಾಳ ಕೆರಿ ತುಂಬ್ಯದ. ಹತ್ತಿಕುಣಿ, ಸೌದಾಗರ ಎರಡೂ ಕಡೆ ನೀರು ದಂಡಿಗೆ ಹತ್ಯಾದ. ಆದ್ರ ಒಡ್ಡಿನ ಮ್ಯಾಲೆ ನಿಂತು ನೋಡಿದ್ರ ನೀರುಕಾಗಿ, ನಾಮದಕೋಳಿ, ಒಂದಿಷ್ಟು ಬೆಳ್ಳಕ್ಕಿ, ಅಷ್ಟ. ವಲಸೆ ಹಕ್ಕಿ ಆಗಸ್ಟ್‌ದಿಂದಲೇ ಇಳಿತಾವ ಅಂತಾರ, ಹಂಗಾದ್ರ ಎಲ್ಲಿ ಹೋಗ್ಯಾವ?

ಮೂರು ಪ್ರಶ್ನೆ ಅವ. ಯಾದಗಿರಿ-ಸುರಪುರ ಸುತ್ತ ಈ ಎರಡು ತಿಂಗಳು ಯಾವ ಥರದ ಜಾಗ ನೋಡಬೇಕು? ದೂರದಾಗ ಕೂತ ಬಾತುಗಳು ಎಲ್ಲಾ ಒಂದೇ ಕಂದು ಬಣ್ಣ ಕಾಣ್ತಾವ, ಗುರುತು ಹ್ಯಾಂಗ ಹಿಡಿಯೋದು? ಪಟ್ಟೆತಲೆ ಹೆಬ್ಬಾತು ಯಾವಾಗ ಬರ್ತಾವ? ಕೈಯಾಗ 8x42 ಬೈನಾಕ್ಯುಲರ್ ಅದ, ಸ್ಪಾಟಿಂಗ್ ಸ್ಕೋಪ್ ಇಲ್ಲ.

ಭೀಮಾದಂಡಿ

ಕೆರೆ ತುಂಬಿದ್ದೇ ಕಾರಣ ರೀ. ನಮ್ಮ ಭಾಗಕ್ಕೆ ಸೆಪ್ಟೆಂಬರ್ ಅಂದರೆ ಜೋರು ಮಳೆಯ ತಿಂಗಳು. ಹಕ್ಕಿ ಇಳಿಯುವುದೂ ಆಗಲೇ, ಕೆರೆ ತುಂಬುವುದೂ ಆಗಲೇ. ನೀರು ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಎಷ್ಟು ಆಳ ಇದೆ ಅಂತ ನೋಡಬೇಕು. ಗೊರವ ಅಂದರೆ ಕೆಸರು ದಂಡೆಯಲ್ಲಿ ನಡೆದಾಡಿ ಮೇಯುವ ಹಕ್ಕಿಗಳು. ಅವುಗಳಲ್ಲಿ ಸಣ್ಣವಾದ ಸ್ಟಿಂಟ್, ಸಣ್ಣ ಪ್ಲೋವರ್‌ಗಳಿಗೆ ಬೇಕಾದದ್ದು ಹಸಿ ಕೆಸರು, ಹೆಚ್ಚೆಂದರೆ ಎರಡು ಮೂರು ಸೆಂ.ಮೀ. ನೀರು. ಕಪ್ಪುಬಾಲದ ಗಾಡ್‌ವಿಟ್ ಕಾಲು ಉದ್ದ, ಹತ್ತು ಹದಿನೈದು ಸೆಂ.ಮೀ.ವರೆಗೂ ಇಳಿಯುತ್ತದೆ. ತಲೆಕೆಳಗೆ ಮಾಡಿ ಮೇಯುವ ಬಾತುಗಳಿಗೆ ಮೊಳಕ್ಕಿಂತ ಕಡಿಮೆ ಆಳ ಬೇಕು, ಯಾಕಂದರೆ ಅವು ಮುಳುಗುವುದಿಲ್ಲ, ಕುತ್ತಿಗೆ ಎಷ್ಟು ಎಟುಕುತ್ತದೋ ಅಷ್ಟೇ. ಕೋಡಿ ಬಿದ್ದ ಕೆರೆಯಲ್ಲಿ ನೀರು ಬಳ್ಳಾರಿ ಜಾಲಿಯ ಬುಡಕ್ಕೆ ಹೋಗಿ ನಿಂತಿರುತ್ತದೆ, ಕೆಸರು ದಂಡೆಯೇ ಇರುವುದಿಲ್ಲ. ಅಲ್ಲಿ ಮುಳುಗು ಹಾಕುವ ನಾಮದಕೋಳಿ, ನೀರುಕಾಗೆ ಉಳಿಯುತ್ತವೆ. ನಿಮಗೆ ಕಂಡದ್ದೂ ಅವೇ.

ಹಾಗಾಗಿ ಈಗ ಒಡ್ಡಿನ ಕಡೆ ನಿಲ್ಲಬೇಡಿ. ಒಡ್ಡು ಇರುವುದೇ ಕೆರೆಯ ಆಳದ ಬದಿಗೆ. ಅದರ ಎದುರು ದಂಡೆಗೆ, ಅಂದರೆ ಹಳ್ಳ ಬಂದು ಕೆರೆ ಸೇರುವ ಬಾಯಿಗೆ ಹೋಗಿ. ಹೂಳು ತುಂಬಿ ನೆಲ ಸಪಾಟಾಗಿರುವುದು ಅಲ್ಲೇ. ಬೋನಾಳದಲ್ಲಿ ಆಪು, ಜೊಂಡು ಬೆಳೆದ ಕಡೆ ಕೆನ್ನೀಲಿ ಬಕ, ಜಂಬುಕೋಳಿ, ದೇವನಕ್ಕಿ ಖಾಯಂ ಇರುತ್ತವೆ. ಅವುಗಳ ನಡುವಿನ ಬಯಲು ನೀರನ್ನು ಬೆಳಿಗ್ಗೆ ಸಾವಕಾಶ ನೋಡಿ.

ದೊಡ್ಡ ಕೆರೆಗಿಂತ ಈ ಎರಡು ತಿಂಗಳಿಗೆ ಸಣ್ಣ ಜಾಗವೇ ವಾಸಿ: ರಸ್ತೆಗೆ ಮಣ್ಣು ತೆಗೆದ ತಗ್ಗು, ಕಾಲುವೆಯ ಕೊನೆಯಲ್ಲಿ ಬಸಿನೀರು ನಿಂತ ಪಾಳು ಗದ್ದೆ, ಊರ ಹೊರಗಿನ ಗಟಾರದ ನೀರು ಹರಡಿದ ಬಯಲು. ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಇಂಥವು ಬೇಕಾದಷ್ಟಿವೆ. ನಾಟಿ ಮಾಡಿದ ಭತ್ತ ಅಷ್ಟೊತ್ತಿಗೆ ಮೊಣಕಾಲು ಎತ್ತರ ಬಂದಿರುತ್ತದೆ, ಗೊರವಗಳಿಗೆ ಒಳಗೆ ಜಾಗವಿಲ್ಲ. ಬದು, ಬಿಟ್ಟ ಗದ್ದೆ, ಟ್ರ್ಯಾಕ್ಟರ್ ಗಾಲಿ ತಗ್ಗು ನೋಡಿ.

ಬರುವ ಸರದಿ ಹೀಗೆ: ಜುಲೈ ಕೊನೆ, ಆಗಸ್ಟ್‌ನಲ್ಲಿ ಗೊರವಗಳ ಪೈಕಿ ಬಲಿತವು ಮೊದಲು, ಆ ವರ್ಷ ಹುಟ್ಟಿದ ಮರಿಗಳು ಕೆಲವು ವಾರ ಬಿಟ್ಟು. ಬಾತುಗಳಲ್ಲಿ ಗಾರ್ಗನಿ ಎಲ್ಲಕ್ಕಿಂತ ಮುಂಚೆ, ಆಗಸ್ಟ್ ಕೊನೆಗೇ ಶುರು. ಸೂಜಿಬಾಲದ ಬಾತು, ಚಲುಕದ ಬಾತು ಸೀಗಿ ಹುಣ್ಣಿಮೆ ಆಸುಪಾಸು. ಹೆಬ್ಬಾತು ಕೇಳಿದಿರಿ, ಅವು ತಡ: ನವೆಂಬರ್ ನಡುವಿನಿಂದ, ಎಳ್ಳಮಾಸಿ ಹೊತ್ತಿಗೆ ತುಂಬಿರುತ್ತವೆ, ಮಾರ್ಚ್‌ಗೆ ಜಾಗ ಖಾಲಿ. ಅಕ್ಟೋಬರ್‌ನಲ್ಲಿ ಅವಕ್ಕಾಗಿ ಪೆಟ್ರೋಲ್ ಸುಡಬೇಡಿ.

ಕಾರಂಜಾ ಕಡಿಯಾಂವ

ಭೀಮಾದಂಡಿ ಅಣ್ಣಾರು ಹೇಳಿದ್ದು ಖರೆ. ಆದ್ರ ಬರೇ ನೀರಿನ ಹಿಂದ ಯಾಕ ಬಿದ್ದೀರಿ? ಸೆಪ್ಟೆಂಬರ್-ಅಕ್ಟೋಬರ್‌ನಾಗ ನಮ್ಮ ಭಾಗದ ಅರ್ಧ ವಲಸೆ ಒಣ ಹೊಲದಾಗ ನಡೀತದ. ಹಿಂಗಾರಿ ಜೋಳಕ್ಕ ಹರಗಿ ಬಿಟ್ಟ ಕರಿ ಹೊಲ ನೋಡ್ರಿ. ಹಳದಿ ಸಿಪಿಲೆ, ಶಾರ್ಟ್-ಟೋಡ್ ಲಾರ್ಕ್ ಹಿಂಡು ಅಲ್ಲೇ. ಈ ಲಾರ್ಕ್ ಕೂತಾಗ ಹೆಂಟಿ ಯಾವುದು ಹಕ್ಕಿ ಯಾವುದು ತಿಳಿಯಂಗಿಲ್ಲ. ಕುಂಟಿ ಹೊಡಿಯೋ ಎತ್ತು ಹತ್ರ ಬಂದ ಕೂಡ್ಲೆ ಇಡೀ ಹಿಂಡು ಒಮ್ಮೆಲೆ ಏಳ್ತದ, ಒಂದು ಸುತ್ತು ಹಾಕಿ ಅದೇ ಹೊಲಕ್ಕ ಇಳಿತದ. ಎಣಿಸೋದು ಏನಿದ್ರೂ ಆ ಸುತ್ತಿನಾಗ.

ಕರೆಂಟ್ ತಂತಿ ಮರೀಬ್ಯಾಡ್ರಿ. ನಮ್ಮ ನೀಲಕಂಠದ ಬಳಗದ್ದೇ ಆದ ಯೂರೋಪಿಯನ್ ರೋಲರ್ ಆಫ್ರಿಕಾಕ್ಕ ಹೋಗೋ ದಾರ್ಯಾಗ ಸೆಪ್ಟೆಂಬರ್-ಅಕ್ಟೋಬರ್ ಅಷ್ಟ ಇಲ್ಲಿ ಹಾದು ಹೋಗ್ತದ, ಆಮ್ಯಾಲೆ ಸಿಗಂಗಿಲ್ಲ. ನಮ್ಮ ನೀಲಕಂಠದ ಎದಿ ಕಂದು, ಅದರ ಮ್ಯಾಲೆ ಬಿಳಿ ಗೀರು. ಯೂರೋಪಿಯನ್‌ದು ತಲಿ, ಎದಿ, ಹೊಟ್ಟಿ ಎಲ್ಲಾ ಒಂದೇ ತಿಳಿ ನೀಲಿ. ಮರಿ ಇದ್ರ ಅದರ ಎದಿನೂ ಮಾಸಲು ಕಂದು ಇರ್ತದ. ಅಂಥಾದ್ದು ಹಾರೂತನ ಕಾದು ರೆಕ್ಕಿ ತುದಿ ನೋಡ್ರಿ. ನಮ್ಮದಕ್ಕ ರೆಕ್ಕಿ ತುದಿಯಾಗ ತಿಳಿ ನೀಲಿ ಪಟ್ಟಿ ಇರ್ತದ, ಯೂರೋಪಿಯನ್‌ದಕ್ಕ ಹಾರು ಗರಿ ಪೂರಾ ಕಪ್ಪು.

ಹುಲ್ಲುಗಾವಲಿದ್ರ ಸಂಜಿ ಹೊತ್ತು ಹ್ಯಾರಿಯರ್ ಗಿಡುಗ. ಮಾಂಟೆಗ್ಯೂ, ಪ್ಯಾಲಿಡ್ ಎರಡೂ ಅಕ್ಟೋಬರ್‌ದಿಂದ ಮಾರ್ಚ್‌ತನ ಇರ್ತಾವ. ಗಂಡು ಇದ್ರ ಸಸಾರ: ರೆಕ್ಕಿ ಮ್ಯಾಲೆ ಅಡ್ಡ ಕರಿ ಪಟ್ಟಿ ಇದ್ರ ಮಾಂಟೆಗ್ಯೂ. ಪಟ್ಟಿ ಇಲ್ಲ, ತುದಿಗಷ್ಟ ಸಣ್ಣ ಕರಿ ತ್ರಿಕೋನ, ಮೈ ಬೆಳ್ಳಗ, ಹಂಗಿದ್ರ ಪ್ಯಾಲಿಡ್. ಮರಿಗಳಿಗೆ ಕುತ್ತಿಗಿ ನೋಡಬೇಕು. ಕೆನ್ನಿ ಹಿಂದ ಎದ್ದು ಕಾಣೋ ಬಿಳಿ ಕಾಲರ್, ಅದರ ಹಿಂದ ಗಾಢ ಕಂದು ಇದ್ರ ಪ್ಯಾಲಿಡ್. ಫೋಟೊ ಇಲ್ದ ಹೆಣ್ಣು ಹ್ಯಾರಿಯರ್ ಹೆಸರಿಟ್ಟು ಬರೆಯೋದಕ್ಕಿಂತ ಎರಡರಾಗೊಂದು ಅಂತ ಬರೆಯೋದು ಚಲೋ. ರಾತ್ರಿ ಅವು ನೆಲದ ಮ್ಯಾಲೆ ಹುಲ್ಲಿನಾಗ ಕೂಡ್ತಾವ, ಹೊತ್ತು ಮುಳುಗಿದ ಮ್ಯಾಲೆ ಒಳಗ ಕಾಲಿಡಬ್ಯಾಡ್ರಿ. ಒಮ್ಮಿ ಎಬ್ಬಿಸಿದ್ರ ಕತ್ತಲಾಗ ಬ್ಯಾರೆ ಜಾಗ ಹುಡುಕಬೇಕಾಗ್ತದ ಅವಕ್ಕ.

ತೊಗರಿಹೂ

ಬಾತಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಹಾಗಾಗಿ ಅದನ್ನೇ ಬರೀತೀನಿ.

ಶರತ್ಕಾಲದಲ್ಲಿ ಬಾತುಗಳೆಲ್ಲ ಕಂದು ಕಾಣುವುದು ನಿಮ್ಮ ಕಣ್ಣಿನ ತಪ್ಪಲ್ಲ, ಬೈನಾಕ್ಯುಲರ್‌ನ ತಪ್ಪೂ ಅಲ್ಲ. ಸಂತಾನ ಮುಗಿದ ಮೇಲೆ ಗಂಡುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನಂಥ ಮಾಸಲು ಗರಿ ತೊಡುತ್ತವೆ. ಇದಕ್ಕೆ ಎಕ್ಲಿಪ್ಸ್ ಅಂತಾರೆ. ಇಲ್ಲಿಗೆ ಬಂದಿಳಿಯುವಾಗಲೂ ಬಹಳಷ್ಟು ಅದೇ ವೇಷದಲ್ಲಿರುತ್ತವೆ. ಗಾರ್ಗನಿ ಗಂಡಂತೂ ಬಿಳಿ ಹುಬ್ಬು ತೋರಿಸಲು ಚಳಿಗಾಲ ಅರ್ಧ ಕಳೆಯಬೇಕು. ಪುಸ್ತಕದ ಬಣ್ಣದ ಚಿತ್ರ ಹಿಡಿದು ಅಕ್ಟೋಬರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬಣ್ಣ ಬಿಟ್ಟು ಕೊಕ್ಕಿನಿಂದ ಶುರು ಮಾಡಿ. ಕೊಕ್ಕು ತಲೆಗಿಂತ ಉದ್ದ, ತುದಿ ಅಗಲವಾಗಿದ್ದರೆ ಚಲುಕದ ಬಾತು, ನೀರಿನ ಮೇಲೇ ಕೊಕ್ಕಾಡಿಸುತ್ತ ಸುತ್ತುತ್ತದೆ. ಕೊಕ್ಕು ಬೂದು, ಕುತ್ತಿಗೆ ಸಪೂರ ಉದ್ದ, ಮುಖದಲ್ಲಿ ಯಾವ ಗೆರೆಯೂ ಇಲ್ಲದಿದ್ದರೆ ಸೂಜಿಬಾಲದ ಬಾತು, ಬಾಲ ಇನ್ನೂ ಬೆಳೆದಿರದಿದ್ದರೂ. ಕೊಕ್ಕಿನ ಅಂಚು ಕಿತ್ತಳೆ, ರೆಕ್ಕೆಯಲ್ಲಿ ಚೌಕದಷ್ಟು ಬಿಳಿ ಇಣುಕಿದರೆ ಗ್ಯಾಡ್ವಾಲ್. ಕಪ್ಪು ಕೊಕ್ಕಿಗೆ ಹಳದಿ ತುದಿ ಇದ್ದರೆ ಅದು ವಲಸೆ ಬಂದದ್ದಲ್ಲ, ನಮ್ಮ ಊರಿನದೇ ಚುಕ್ಕೆಕೊಕ್ಕಿನ ಬಾತು.

ಕಷ್ಟ ಬರುವುದು ಗಾರ್ಗನಿ ಮತ್ತು ಕಾಮನ್ ಟೀಲ್ ನಡುವೆ. ಎರಡೂ ಸಣ್ಣವು. ಗಾರ್ಗನಿ ಮುಖದಲ್ಲಿ ಪಟ್ಟೆ ಎದ್ದು ಕಾಣುತ್ತದೆ: ಕಣ್ಣಿನ ಮೇಲೆ ತಿಳಿ ಹುಬ್ಬು, ಕಣ್ಣಿಗೆ ಅಡ್ಡ ಕಪ್ಪು ಗೆರೆ, ಕೊಕ್ಕಿನ ಬುಡದಲ್ಲಿ ಬಿಳಿ ಚುಕ್ಕೆ, ಗಂಟಲು ಬಿಳಿ. ಟೀಲ್ ಮುಖ ಸಪ್ಪೆ, ಕೊಕ್ಕು ಚಿಕ್ಕದು, ಬಾಲದ ಬುಡದ ಪಕ್ಕ ಉದ್ದಕ್ಕೆ ಒಂದು ತಿಳಿ ಗೀರು. ನೀರಿನ ಮೇಲೆ ನಿರ್ಧಾರ ಆಗದಿದ್ದರೆ ಹಾರುವುದನ್ನು ಕಾಯಿರಿ. ಗಾರ್ಗನಿ ಗಂಡಿನ ರೆಕ್ಕೆಯ ಮುಂಭಾಗ ತಿಳಿ ನೀಲಿ-ಬೂದು, ಎಕ್ಲಿಪ್ಸ್‌ನಲ್ಲೂ ಅದು ಬದಲಾಗುವುದಿಲ್ಲ. ಕಾಯಬೇಕು ಅಂದೆ, ಕಲ್ಲೆಸೆದು ಹಾರಿಸಬೇಕು ಅನ್ನಲಿಲ್ಲ. ದಿನಕ್ಕೊಮ್ಮೆ ಹೇಗೂ ಜೌಗಿನ ಹ್ಯಾರಿಯರ್ ಮೇಲೆ ಸುಳಿದು ಎಲ್ಲವನ್ನೂ ಎಬ್ಬಿಸುತ್ತದೆ.

ಬೆಳಕು ಬೆನ್ನಿಗಿರಲಿ. ಬೆಳಿಗ್ಗೆ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಉಲ್ಟಾ. ಎದುರು ಬಿಸಿಲಿಗೆ ಎಲ್ಲ ಬಾತೂ ಕರಿ ನೆರಳೇ. ಒಂಬತ್ತು ಗಂಟೆ ದಾಟಿದರೆ ನಮ್ಮ ಬಿಸಿಲಿಗೆ ನೀರಿನ ಮೇಲೆ ಝಳ ಕುಣಿಯುತ್ತದೆ. ಸ್ಕೋಪ್ ಇದ್ದವರು 60 ಪಟ್ಟಿಗೆ ಏರಿಸಿದರೆ ಝಳವೇ ದೊಡ್ಡದಾಗಿ ಕಾಣುತ್ತದೆ, 20-25ಕ್ಕೆ ಇಳಿಸಿ ನೋಡಬೇಕು. ಸ್ಕೋಪ್‌ಗೆ ಈಗಲೇ ಹಣ ಹಾಕಬೇಡಿ. ಸಣ್ಣ ತಗ್ಗು, ಗದ್ದೆಗೆ 8x42 ಸಾಕು. ಕೊಳ್ಳುವುದಾದರೆ ಹೆಬ್ಬಾತು ಬರುವ ಮುಂಚೆ ಕೊಳ್ಳಿ, ಜೊತೆಗೆ ಗಾಳಿಗೆ ಅಲುಗದ ಟ್ರೈಪಾಡ್. ಅಗ್ಗದ ಟ್ರೈಪಾಡ್ ಮೇಲಿನ ದುಬಾರಿ ಸ್ಕೋಪ್ ದಂಡ.

ಸಗರನಾಡು

ಅಕ್ಕಾರ, ಅಣ್ಣಾರ, ಭಾಳ ಉಪಕಾರ ಆಯ್ತು. ಇನ್ನೆರಡು ಕೇಳ್ತೀನಿ. ನಾರಾಯಣಪುರ ಹಿನ್ನೀರಿನಾಗ ಇವತ್ತು ಚಂದ ಕೆಸರು ದಂಡಿ ಇದ್ರ ನಾಳಿಗೆ ಮಾಯ ಆಗಿರ್ತದ, ಇದು ಹ್ಯಾಂಗ? ಮತ್ತ ಗೊರವಗಳಾಗ ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್ ಫರಕ್ ಏನು?

ಭೀಮಾದಂಡಿ

ನಾರಾಯಣಪುರ ಜಲಾಶಯಕ್ಕೆ, ಅಂದರೆ ಬಸವಸಾಗರಕ್ಕೆ, ನೀರು ಬರುವುದು ಮೇಲಿನ ಆಲಮಟ್ಟಿ ಅಣೆಕಟ್ಟಿನಿಂದ. ಅಲ್ಲಿ ಹೊರಹರಿವು ಹೆಚ್ಚಿಸಿದರೆ ಇಲ್ಲಿ ಮಟ್ಟ ಏರುತ್ತದೆ, ಇಲ್ಲಿಯ ಗೇಟ್ ಎತ್ತಿದರೆ ಇಳಿಯುತ್ತದೆ. ಹಿನ್ನೀರಿನ ದಂಡೆ ಅಷ್ಟು ಸಪಾಟು ಇರುವುದರಿಂದ ಅರ್ಧ ಅಡಿ ಏರಿದರೂ ಎಷ್ಟೋ ದೂರದ ಕೆಸರು ಮುಚ್ಚಿ ಹೋಗುತ್ತದೆ. ಹೊರಡುವ ಮುಂಚೆ ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟ ನೋಡಿ. ಬಸವಸಾಗರದ ಪೂರ್ಣ ಮಟ್ಟ 492.25 ಮೀಟರ್. ಅದಕ್ಕೆ ಹತ್ತಿರ ಇದ್ದರೆ ಗೊರವ ಸಿಗುವುದಿಲ್ಲ. ಎರಡು ಮೂರು ದಿನ ಸತತ ಇಳಿದಿದ್ದರೆ ಮಾತ್ರ ಹೋಗಿ, ಹೊಸದಾಗಿ ಬಯಲಾದ ಕೆಸರಿನಲ್ಲೇ ಹುಳ ಜಾಸ್ತಿ. ಅಣೆಕಟ್ಟಿನ ಕೆಳಗೆ ನದಿ ಪಾತ್ರಕ್ಕೆ ಇಳಿಯಬೇಡಿ, ನೀರು ಬಿಟ್ಟರೆ ಓಡಿ ಬರುವಷ್ಟು ಹೊತ್ತಿರುವುದಿಲ್ಲ. ಕೃಷ್ಣೆಯಲ್ಲಿ ಮೊಸಳೆಯೂ ಇವೆ, ಹಿನ್ನೀರಿನಲ್ಲೂ ಫೋಟೊಕ್ಕಾಗಿ ನೀರಂಚಿಗೆ ಬೋರಲು ಮಲಗುವ ಚಟ ಬೇಡ.

ಸ್ಯಾಂಡ್‌ಪೈಪರ್ ವಿಷಯ: ಹಾರಿದಾಗ ಎರಡಕ್ಕೂ ಬಾಲದ ಬುಡ ಬಿಳಿ, ಅದರಿಂದ ತಿಳಿಯುವುದಿಲ್ಲ. ರೆಕ್ಕೆಯ ಅಡಿ ನೋಡಿ. ಗ್ರೀನ್‌ದು ಅಡಿ ಕಪ್ಪು, ವುಡ್‌ದು ತಿಳಿ. ಕೂತಾಗ ವುಡ್ ಬೆನ್ನ ತುಂಬ ಚುಕ್ಕೆ, ಕಣ್ಣ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು, ಕಾಲು ಹಳದಿ. ಗ್ರೀನ್‌ದು ಬೆನ್ನು ಗಾಢ, ಹುಬ್ಬು ಕಣ್ಣಿನ ಮುಂದಕ್ಕೇ ನಿಲ್ಲುತ್ತದೆ. ಸ್ವಭಾವವೂ ಬೇರೆ: ಗ್ರೀನ್ ಹಳ್ಳದ ಮೂಲೆಯಲ್ಲಿ ಒಂಟಿ, ವುಡ್ ಬಯಲು ಗದ್ದೆಯಲ್ಲಿ ಹಿಂಡಾಗಿ.

ತೊಗರಿಹೂ

ಸ್ಟಿಂಟ್‌ದೂ ಸೇರಿಸಿಕೊಳ್ಳಿ. ಕಾಲು ಕಪ್ಪಿದ್ದರೆ ಲಿಟಲ್, ಹಳದಿ-ಹಸಿರು ಇದ್ದರೆ ಟೆಮಿಂಕ್ಸ್. ಆದರೆ ಕೆಸರು ಮೆತ್ತಿದ ಕಾಲು ಎಲ್ಲವೂ ಕಪ್ಪೇ. ಆಗ ಎದೆ ನೋಡಿ: ಟೆಮಿಂಕ್ಸ್ ಎದೆ ಪೂರ್ತಿ ಮಾಸಲು ಬೂದು, ಲಿಟಲ್ ಎದೆಯ ನಡುವೆ ಬಿಳಿ.

ಕಾರಂಜಾ ಕಡಿಯಾಂವ

ಎಣಿಕಿ ಬಗ್ಗೆ ಯಾರೂ ಹೇಳ್ಲಿಲ್ಲ. ಈ-ಬರ್ಡ್ ಅನ್ನೋ ಹಕ್ಕಿ ದಾಖಲೆ ಜಾಲತಾಣಕ್ಕ ಹಾಕೋರಿದ್ರ ಕಂಡ ಎಲ್ಲಾ ಹಕ್ಕಿ ಬರೀರಿ, ಕಾಗಿ ಗುಬ್ಬಿ ಬಿಡಬ್ಯಾಡ್ರಿ, ಅಂದ್ರನ ಅದು ಪೂರ್ಣ ಪಟ್ಟಿ. ಕಡಿಮಿ ಅಂದ್ರ 15 ನಿಮಿಷ, ಒಂದು ಕೆರಿಗೆ ಒಂದು ಪಟ್ಟಿ. ಬೋನಾಳ ಮತ್ತ ಹಿನ್ನೀರು ಕೂಡಿಸಿ ಒಂದೇ ಪಟ್ಟಿ ಮಾಡಿದ್ರ ಯಾವ ಹಕ್ಕಿ ಎಲ್ಲಿತ್ತು ತಿಳಿಯಂಗಿಲ್ಲ. ದೊಡ್ಡ ಹಿಂಡಿದ್ರ ಮೊದಲು ಹತ್ತು ಎಣಿಸಿ ಅದು ಎಷ್ಟು ಜಾಗ ಹಿಡಿತದ ನೋಡ್ರಿ, ಆ ಅಳತಿಲೆ ನೂರು, ನೂರರ ಅಳತಿಲೆ ಪೂರಾ ಹಿಂಡು. ಎಡದಿಂದ ಬಲಕ್ಕ ಒಮ್ಮಿ, ಬಲದಿಂದ ಎಡಕ್ಕ ಒಮ್ಮಿ. ಎರಡೂ ಭಾಳ ಫರಕ್ ಬಂದ್ರ ಮೂರನೇದು. ಸಂಖ್ಯೆ ಬದಲು ಎಕ್ಸ್ (ಕಂಡದ, ಎಣಿಸಿಲ್ಲ ಅಂತ) ಹಾಕೋದು ಬ್ಯಾಡ, ಅಂದಾಜು ಇದ್ರೂ ನಡೀತದ. ಜೋಳದ ಹಕ್ಕಿ (ರೋಜಿ ಸ್ಟಾರ್ಲಿಂಗ್) ಸಂಜಿ ರಾತ್ರಿ ತಂಗೋ ಜಾಗಕ್ಕ ಬರೋ ಹೊತ್ತು ಹಿಂಗ ಎಣಿಸಾಕ ಬರಂಗಿಲ್ಲ. ಒಂದು ನಿಮಿಷಕ್ಕ ಎಷ್ಟು ದಾಟಿದವು ಅಂತ ಹಿಡಿದು, ಎಷ್ಟು ನಿಮಿಷ ಬಂದವು ಅದಕ್ಕ ಗುಣಿಸ್ರಿ.

ಜನವರಿಯಾಗ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, ಅಂದ್ರ ನೀರುಹಕ್ಕಿ ಎಣಿಕಿ, ಇರ್ತದ, 1987ರಿಂದ ನಡೆದದ. ಅದಕ್ಕ ಅಕ್ಟೋಬರ್‌ದಿಂದಲೇ ಒಂದು ಕೆರಿ ಹಿಡಿದು ಹದಿನೈದು ದಿನಕ್ಕೊಮ್ಮಿ ಎಣಿಸಿದ್ರ ಭಾಳ ಉಪಯೋಗ.

ಹೆಬ್ಬಾತು ಬಂದ ಮ್ಯಾಲೆ ಮಧ್ಯಾಹ್ನ ನೋಡ್ರಿ. ರಾತ್ರಿ ಹೊಲಕ್ಕ ಮೇಯಾಕ ಹೋಗಿ ಹಗಲು ನೀರಿನ ದಂಡಿಗೆ ಮಲಗ್ತಾವ. ತಲಿ ಹಿಂದ ಎರಡು ಕರಿ ಪಟ್ಟಿ ಇಲ್ದವು ಕಂಡ್ರ ಬ್ಯಾರೆ ಜಾತಿ ಅಲ್ಲ, ಆ ವರ್ಷದ ಮರಿ. ಅವನ್ನ ಬ್ಯಾರೆ ಎಣಿಸಿ ಬರೀರಿ. ಕುತ್ತಿಗಿಗೆ ಪ್ಲಾಸ್ಟಿಕ್ ಕಾಲರ್ ಇದ್ರ ಬಣ್ಣ, ಅಕ್ಷರ, ಅಂಕಿ ಮೂರೂ ಬರ್ಕೊಳ್ರಿ, ಫೋಟೊ ಮಸುಕಾದ್ರೂ ತಗೀರಿ. ಮಂಗೋಲಿಯಾದಾಗ ಕಾಲರ್ ಹಾಕಿದ ಹೆಬ್ಬಾತು ಕರ್ನಾಟಕದಾಗ ಸಿಕ್ಕಾವ. ಅಕ್ಷರ ಓದಾಕ 8x42 ಸಾಲಂಗಿಲ್ಲ, ಅಲ್ಲಿ ಮಾತ್ರ ಸ್ಕೋಪ್ ಬೇಕ.