ಶನಿವಾರದ ಇಟಾಲಿಯನ್ ಊಟಕ್ಕೆ ಯಾವ ವೈನ್?

ಪ್ರಶ್ನೆ: ಇಟಲಿಯ ಟೊರಿನೊಗೆ ಬಂದು ಎರಡು ವರ್ಷ ಆಯ್ತು. ಶನಿವಾರ ಆರು ಜನ ಗೆಳೆಯರು ಮನೆಗೆ ಬರ್ತಿದ್ದಾರೆ. ಮೊದಲು ಅಣಬೆ ರಿಸೊಟ್ಟೊ (ಇಟಲಿಯ ಅನ್ನದ ಅಡುಗೆ), ಆಮೇಲೆ ಟೊಮೆಟೊ ಸಾಸು, ಚೀಸ್ ಹಾಕಿ ಬೇಯಿಸೋ ಬದನೆಕಾಯಿ ಪಾರ್ಮಿಜಾನಾ. ಜೋಪಾನವಾಗಿಟ್ಟ ಬರೋಲೊ ಅನ್ನೋ ಕೆಂಪು ವೈನ್ ಒಂದು ಬಾಟಲಿ ಇದೆ, ತೆಗೀಲಾ?

ಉತ್ತರ 1: ಬದನೆಕಾಯಿಗೆ ಬೇಡ ಮಾರಾಯ್ರೆ. ಟೊಮೆಟೊ ಹುಳಿಗೆ ಬರೋಲೊದ ಒಗರು ಸೇರಿದ್ರೆ ನಾಲಿಗೆ ಒಣಗುತ್ತೆ. ಬಾರ್ಬೆರಾ ದಾಸ್ತಿ ಅನ್ನೋ ಕೆಂಪು ವೈನ್ ತನ್ನಿ: ಹುಳಿ ಜಾಸ್ತಿ, ಒಗರು ಕಮ್ಮಿ. ಕೊಡೋ ಮುಂಚೆ ಹದಿನೈದು ನಿಮಿಷ ಫ್ರಿಜ್ಜಲ್ಲಿಡಿ.

ಉತ್ತರ 2: ಅಣಬೆಗೆ ಬರೋಲೊ ಹೊಂದುತ್ತೆ, ಆದ್ರೆ ಮೊದಲೇ ಅದನ್ನು ಕುಡಿದ್ರೆ ಆಮೇಲಿನ ಬಾರ್ಬೆರಾ ಸಪ್ಪೆ ಅನ್ಸುತ್ತೆ. ರಿಸೊಟ್ಟೊಗೆ ಗಾವಿ ಅನ್ನೋ ಬಿಳಿ ವೈನ್ ಸಾಕು. ಅಕ್ಕಿ ಹುರಿದಾಗ ಅದನ್ನೇ ಅರ್ಧ ಲೋಟ ಸುರೀರಿ, ಚುಂಯ್ ಅಂತ ಆವಿ ಏಳ್ಬೇಕು.

ಪ್ರಶ್ನೆ ಕೇಳಿದವರು: ಗಾವಿ ಒಂದು, ಬಾರ್ಬೆರಾ ಎರಡು ತಂದೆ. ಬರೋಲೊ ಚಳಿಗಾಲಕ್ಕಿರಲಿ.